ಅಂಧರಿಗೆ ಅನ್ನದ ವಿದ್ಯೆಯನ್ನಿತ್ತ ಪಂಚಾಕ್ಷರ ಗವಾಯಿಗಳು

1936ನೆಯ ಇಸವಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನೆರವೇರಿತು. ಆಗ ಹಂಪೆಯು ಬಳ್ಳಾರಿ ಜಿಲ್ಲೆಗೂ, ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೂ ಸೇರಿದ್ದವು. ಆ ಉತ್ಸವದ ವೇದಿಕೆಯಲ್ಲಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದ ಒಬ್ಬ ಯುವಕನು ತನ್ನ ಜೀವನದ ಮೊದಲನೆಯ ಸಂಗೀತ ಕಛೇರಿಯನ್ನು ನೀಡಿದನು. ಆತನೇ ಮುಂದೆ ದೇಶವಿಖ್ಯಾತರಾದ ಬಸವರಾಜ ರಾಜಗುರು. ಆ ದಿನ ಆತನಿಗೆ ತಬಲಾ ಸಾಥಿ ನೀಡಲು ಕುಳಿತವರು ಬೇರಾರೂ ಅಲ್ಲ, ಆತನ ಗುರುಗಳಾದ ಗದುಗಿನ ಪಂಚಾಕ್ಷರ ಗವಾಯಿಗಳು. ಗುರುವಿನ ಹಿಂದೆ ಶಿಷ್ಯನು ಕುಳಿತು ತಂಬೂರಿ ಮೀಟುವುದು ಲೋಕರೂಢಿ. ಇಲ್ಲಿ ಗುರುವೇ ಶಿಷ್ಯನ ಪಕ್ಕದಲ್ಲಿ ಕುಳಿತು ತಾಳ ಹಿಡಿದರು. ಶಿಷ್ಯನು ತನ್ನ ವಿದ್ಯೆಯಿಂದಲೇ ತನ್ನ ಕಾಲ ಮೇಲೆ ನಿಲ್ಲುವವರೆಗೆ ಅವನ ಜೊತೆಗಿರಬೇಕೆಂಬುದು ಗವಾಯಿಗಳ ಬೋಧನಕ್ರಮದ ತಿರುಳಾಗಿತ್ತು. ಅವರ ಚರಿತ್ರೆಯನ್ನು ಭಕ್ತಿಯಿಂದ ಬರೆದವರು ಬಹುಮಂದಿ ಇದ್ದಾರೆ. ಆದರೆ ಅವರು ನಿರ್ಗತಿಕರಿಗೆ ಉದ್ಯೋಗದ ದಾರಿಯನ್ನು ತೆರೆದ ಬಗೆಯು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಲೇಖನದಲ್ಲಿ ಆ ಮುಖವನ್ನೇ ಹೆಚ್ಚಾಗಿ ನೋಡಲು ಯತ್ನಿಸಿದೆ.

ಗವಾಯಿಗಳು ಜನಿಸಿದ್ದು 1892ನೆಯ ಫೆಬ್ರುವರಿ 2ರಂದು, ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿದಾಗಲೇ ಕಣ್ಣಿಗೆ ಬೆಳಕಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ ಆಗಿದ್ದನು. ಒಂದೇ ಬಡ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳು! ಆ ತಂದೆತಾಯಿಗಳ ಚಿಂತೆ ಎಷ್ಟಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಹೊಲಗೆಲಸವನ್ನೇ ನಂಬಿದ ಊರಿನಲ್ಲಿ ಕಣ್ಣಿಲ್ಲದವನಿಗೆ ಗುಡಿಯ ಕಟ್ಟೆಯೋ ಸಂತೆಯ ಬಾಗಿಲೋ ಗತಿ ಎಂದು ಜನ ಭಾವಿಸಿದ್ದ ಕಾಲವದು. ಸಿಡುಬು ಊರೂರನ್ನು ಹೊಕ್ಕು ಹೋದಾಗಲೆಲ್ಲ ಎಷ್ಟೋ ಮಕ್ಕಳ ಕಣ್ಣುಗಳನ್ನು ಕೊಂಡೊಯ್ಯುತ್ತಿತ್ತು. ಬರಗಾಲವು ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳಿಗೆ ಹೊಸದೇನೂ ಆಗಿರಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಅತ್ಯಂತ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಅಂತಹ ದಿನಗಳಲ್ಲಿ ಮನೆಯ ತುತ್ತು ಮೊದಲು ದುಡಿಯುವವನ ಪಾಲಾಗುತ್ತದೆ. ದುಡಿಯಲಾರದವನ ಸರದಿ ಬರುವುದು ಕೊನೆಯಲ್ಲಿ.

ಈ ಅಣ್ಣತಮ್ಮಂದಿರ ಕಂಠಶ್ರೀಯನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು (1867–1930). 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಮಠಗಳಿಗೆ ಯೋಗ್ಯ ಸ್ವಾಮಿಗಳನ್ನು ತರಬೇತುಗೊಳಿಸುವ ಕಾರ್ಯದಲ್ಲಿ ನಿರತರಾಗಿದ್ದರು. ಅವರ ದೃಷ್ಟಿಯು ಅಷ್ಟಕ್ಕೇ ನಿಲ್ಲಲಿಲ್ಲ. ಇಬ್ಬರು ಅಂಧ ಬಾಲಕರಿಗೆ ಕರುಣೆಯಿಂದ ಎರಡು ಹೊತ್ತಿನ ಊಟವಿಕ್ಕಿ ಕಳುಹಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸ್ವಾಮಿಗಳು ಅವರಿಗೆ ಕ್ರಮಬದ್ಧವಾದ ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು. ಅಣ್ಣ ಗುರುಬಸಯ್ಯನು ಅಲ್ಪಾಯುಷಿಯಾಗಿ ತೀರಿಕೊಂಡನು. ತಮ್ಮ ಗದಿಗೆಯ್ಯನು ಕಲಿಕೆಯನ್ನು ಮುಂದುವರಿಸಿ ಪಂಚಾಕ್ಷರ ಗವಾಯಿಯಾದನು.

ಅವರ ಕಲಿಕೆಯ ಹರಹು ಸಾಮಾನ್ಯವಾದುದಲ್ಲ. ಮೈಸೂರಿನಲ್ಲಿದ್ದು ಕರ್ನಾಟಕ ಸಂಗೀತವನ್ನು ಸಾಧಿಸಿದರು. ಹಿಂದುಸ್ತಾನಿ ಪದ್ಧತಿಯನ್ನು ಮಿರಜಿನ ನೀಲಕಂಠಬುವಾ ಅವರಿಂದ ಪಡೆದರು. ಮಲ್ಲಿಕಾರ್ಜುನ ಮನಸೂರರಿಗೂ ಹಿಂದುಸ್ತಾನಿ ಪಾಠಗಳನ್ನು ಹೇಳಿದವರು ಅವರೇ. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ವಹೀದಖಾನರ ಮಾರ್ಗದರ್ಶನವೂ ದೊರೆಯಿತು. ಮಠದ ಆಶ್ರಯದಲ್ಲಿ ಬೆಳೆದ ಜಂಗಮ ಬಾಲಕನೊಬ್ಬನು ಮುಸಲ್ಮಾನ ಉಸ್ತಾದರ ಮುಂದೆ ಶಿಷ್ಯನಾಗಿ ಕುಳಿತುದನ್ನು ಆಗಿನವರು ಸಹಜವೆಂದೇ ಕಂಡರು. ಇಂದಿನ ನಾವು ಅದನ್ನು ಬೆರಗಿನಿಂದ ಹೇಳಿಕೊಳ್ಳುತ್ತಿರುವುದೇ ಸ್ವಲ್ಪ ವಿಚಿತ್ರ. ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಗಳಿಸಿದ್ದರಿಂದ ಅವರನ್ನು ಜನ ಉಭಯಗಾನ ವಿಶಾರದರೆಂದು ಕರೆದರು. ನಮ್ಮ ವಿಷಯಕ್ಕೆ ಇದು ಬಿರುದಿಗಿಂತ ಮಿಗಿಲಾದ ಮಾತು. ಶಿಷ್ಯನು ತುಂಗಭದ್ರೆಯ ಯಾವ ದಡಕ್ಕೆ ಹೋದರೂ ಅಲ್ಲಿನ ಶ್ರೋತೃಗಳಿಗೆ ಬೇಕಾದುದನ್ನು ಹಾಡಬಲ್ಲವನಾಗುತ್ತಿದ್ದನು. ಅಂದಮೇಲೆ ಅವನಿಗೆ ಕರೆ ಬರುವ ಊರುಗಳ ಸಂಖ್ಯೆಯೂ ಹೆಚ್ಚುತ್ತಿತ್ತು.

ಅಂಧರಿಗೆ ಸಂಗೀತವು ಜೀವನೋಪಾಯವಾಗಬಹುದೆಂಬ ಅರಿವು ಬೇರೆಡೆಗಳಲ್ಲಿಯೂ ಮೂಡಿತ್ತು. ಪ್ಯಾರಿಸ್ ನಗರದ ಅಂಧರ ಶಾಲೆಯಲ್ಲಿ ಓದಿ ಚುಕ್ಕೆಲಿಪಿಯನ್ನು ನಿರ್ಮಿಸಿದ ಲೂಯಿ ಬ್ರೈಲ್ (1809–1852) ಸ್ವತಃ ಇಗರ್ಜಿಯಲ್ಲಿ ಆರ್ಗನ್ ವಾದಕನಾಗಿದ್ದನು. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಅಂಧರ ಮತ್ತು ಕಿವುಡರ ಶಾಲೆಯೊಂದು ಆರಂಭವಾಗಿತ್ತು. ಆದರೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹಳ್ಳಿಯ ಅಂಧ ಮಗುವಿಗೆ ಮೈಸೂರು ಬಹುದೂರ. ಗವಾಯಿಗಳು ಆ ದೂರವನ್ನು ಬೇರೊಂದು ರೀತಿಯಲ್ಲಿ ಅಳಿಸಿದರು. ಅವರ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ಗುರುಶಿಷ್ಯರ ತಂಡವು ವಾದ್ಯಗಳನ್ನು ಹೊತ್ತು ಊರಿಂದೂರಿಗೆ ಸಾಗುತ್ತಿತ್ತು. ಮಠಗಳು, ಭಕ್ತರ ಮನೆಗಳು, ಜಾತ್ರೆಯ ಬಯಲುಗಳು ಅದರ ತರಗತಿಗಳು. ಜಾತಿಮತಗಳನ್ನು ಕೇಳದೆ ಅಂಧರನ್ನೂ ಅನಾಥರನ್ನೂ ಸೇರಿಸಿಕೊಳ್ಳುತ್ತಿದ್ದರು. ಊಟಕ್ಕೆ ಭಕ್ತರಿತ್ತ ಕಾಳುಕಡಿಯೇ ಆಧಾರ.

ಈ ಅಲೆದಾಟವನ್ನು ಕೇವಲ ಕಷ್ಟವೆಂದು ಬಣ್ಣಿಸುವುದು ಪೂರ್ತಿ ಸರಿಯಲ್ಲ. ಒಂದು ಕಸುಬನ್ನು ಕಲಿಯುವವನು ಆ ಕಸುಬು ನಡೆಯುವ ಸ್ಥಳದಲ್ಲಿಯೇ ಇರುವುದು ಅತ್ಯುತ್ತಮ ತರಬೇತಿ. ಕೀರ್ತನಕಾರನು ಕಥೆಯನ್ನು ನಿಲ್ಲಿಸಿದ ಕ್ಷಣದಲ್ಲಿ ಹಾರ್ಮೋನಿಯಂ ಹೇಗೆ ಎತ್ತಿಕೊಳ್ಳಬೇಕು, ನಡುರಾತ್ರಿಯಲ್ಲಿ ತೂಕಡಿಸುವ ಸಭೆಯನ್ನು ಯಾವ ಪದದಿಂದ ಎಚ್ಚರಿಸಬೇಕು, ಪ್ರವಚನಕಾರರ ಶ್ರುತಿಗೆ ತಬಲಾವನ್ನು ಹೇಗೆ ಹೊಂದಿಸಬೇಕು ಎಂಬಿವು ಕೋಣೆಯೊಳಗೆ ಕಲಿಯುವ ಪಾಠಗಳಲ್ಲ. ಬರೆದುಕೊಳ್ಳಲಾಗದ ವಿದ್ಯಾರ್ಥಿಗೆ ಕಿವಿಯೇ ಪುಸ್ತಕ, ನೆನಪೇ ಹಲಗೆ. ಕಣ್ಣುಳ್ಳ ಗುರುವು ಕೈ ತೋರಿಸಿ ಕಲಿಸುವುದನ್ನು ಅಂಧ ಗುರುವು ಶಿಷ್ಯನ ಬೆರಳುಗಳ ಮೇಲೆ ತನ್ನ ಬೆರಳನ್ನಿಟ್ಟೇ ಕಲಿಸಬೇಕು. ಗುರುವೂ ಅಂಧನಾಗಿದ್ದುದರಿಂದ ಶಿಷ್ಯನ ತೊಡಕು ಎಲ್ಲಿದೆಯೆಂಬುದನ್ನು ಬೇರೆಯವರು ವಿವರಿಸಬೇಕಾಗಿರಲಿಲ್ಲ.

ಇಂತಹ ವಿದ್ಯೆಗೆ ಬೇಡಿಕೆಯೂ ಇತ್ತು. ವೃತ್ತಿ ನಾಟಕ ಕಂಪನಿಗಳ ವೈಭವದ ಕಾಲವದು. ಪ್ರತಿಯೊಂದು ಕಂಪನಿಗೂ ಹಾರ್ಮೋನಿಯಂ ಮಾಸ್ತರರೂ ತಬಲಾವಾದಕರೂ ಬೇಕಾಗಿದ್ದರು. ಬಳ್ಳಾರಿಯಂತೂ ರಾಘವರಂತಹ (1880–1946) ನಟಶ್ರೇಷ್ಠರ ನೆಲೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟ, ಭಜನೆ, ಶ್ರಾವಣಮಾಸದ ಪುರಾಣಗಳಿಗೆ ಗವಾಯಿಯನ್ನೂ ತಬಲಾದವರನ್ನೂ ಕರೆಸುವ ರೂಢಿ ಇಂದಿಗೂ ಉಳಿದಿದೆ. ಹಾಗೆ ಬರುವವರಲ್ಲಿ ಗದುಗಿನಲ್ಲಿ ಕಲಿತ ಅಂಧ ಕಲಾವಿದರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಅವರಿಗೆ ಕೊಡುವ ಸಂಭಾವನೆಯು ಭಿಕ್ಷೆಯಲ್ಲ, ದುಡಿಮೆಯ ಕೂಲಿ. ಅದೇ ಗುಡಿಯ ಕಟ್ಟೆ, ಅದೇ ಜನ. ಆದರೆ ಕೈ ಚಾಚಿ ಕುಳಿತವನಿಗೂ ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತವನಿಗೂ ಊರು ನಡೆದುಕೊಳ್ಳುವ ರೀತಿಯೇ ಬೇರೆ.

ಅಧ್ಯಾಪಕ ಬಂಧುಗಳ ಗಮನಕ್ಕೆ ಇಲ್ಲಿ ಒಂದು ಹಳೆಯ ದಾಖಲೆಯನ್ನು ತರಬಯಸುತ್ತೇನೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು ಜಿಲ್ಲೆಯ ಶಾಲೆಗಳ ವರದಿಯನ್ನು ಮದರಾಸಿಗೆ ಕಳುಹಿಸಿದನು. ಅದರಂತೆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಬಾಲಕಿಯರು 60 ಮಂದಿ ಮಾತ್ರ. ಶಾಲೆಗಳು ಕ್ಷೀಣಿಸಲು ಕಾರಣ ಜನರ ಬಡತನವೆಂದೂ, ವಿಲಾಯತಿಯ ಬಟ್ಟೆ ಬಂದು ನೇಕಾರಿಕೆ ಕುಸಿದುದೆಂದೂ, ಎಳೆಯ ಮಕ್ಕಳ ದುಡಿಮೆಯೂ ಬೇಕಾಗುವ ಸ್ಥಿತಿ ತಂದೆತಾಯಿಗಳಿಗೆ ಬಂದಿತೆಂದೂ ಅವನು ಸ್ಪಷ್ಟವಾಗಿ ತಿಳಿಸಿದ್ದನು. ಗವಾಯಿಗಳು ಈ ವರದಿಯನ್ನು ಕೇಳಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ. ಹಸಿದ ಮನೆಯು ಮಗುವನ್ನು ಪಾಠಕ್ಕೆ ಬಿಟ್ಟುಕೊಡಲಾರದೆಂಬ ಸತ್ಯವನ್ನು ಅವರು ತಮ್ಮ ಬಾಲ್ಯದಿಂದಲೇ ಬಲ್ಲವರು. ಆದುದರಿಂದಲೇ ಅವರ ಶಾಲೆಯಲ್ಲಿ ಅನ್ನವು ಮೊದಲು, ಅಭ್ಯಾಸವು ಅನಂತರ. ಶುಲ್ಕದ ಮಾತೇ ಇರಲಿಲ್ಲ.

ಈ ಮಾರ್ಗಕ್ಕೆ ಮಿತಿಗಳೂ ಇದ್ದವು. ಕಣ್ಣಿಲ್ಲದವರೆಲ್ಲರಿಗೂ ಕಂಠವಿರುತ್ತದೆಂಬುದು ಸುಳ್ಳು ನಂಬಿಕೆ. ಕಂಠವಿಲ್ಲದವನಿಗೆ ವಾದ್ಯವುಂಟು, ಎರಡೂ ಒಲಿಯದವನಿಗೆ ಏನು? ಅಂಧನೆಂದರೆ ಹಾಡುವವನೇ ಎಂದು ಸಮಾಜವು ನಿಶ್ಚಯಿಸಿಬಿಟ್ಟರೆ ಅದೂ ಒಂದು ಬಗೆಯ ಬೇಲಿಯೇ ಸರಿ. ಇಂದು ಅಂಧರು ಅಧ್ಯಾಪಕರಾಗಿ, ಬ್ಯಾಂಕಿನ ನೌಕರರಾಗಿ, ವಕೀಲರಾಗಿ ದುಡಿಯುತ್ತಿದ್ದಾರೆ. 1995ರ ಅಂಗವಿಕಲರ ಕಾಯಿದೆಯು ಸರಕಾರಿ ಹುದ್ದೆಗಳಲ್ಲಿ ಶೇಕಡ 3ರ ಮೀಸಲಾತಿಯನ್ನು ತಂದಿತು. 2016ರ ಕಾಯಿದೆಯು ಅದನ್ನು ಶೇಕಡ 4ಕ್ಕೆ ಏರಿಸಿತು. ಇವಾವುವೂ ಇಲ್ಲದ ಕಾಲದಲ್ಲಿ, ಇದ್ದ ಒಂದೇ ಬಾಗಿಲನ್ನು ಗವಾಯಿಗಳು ಸಾಧ್ಯವಾದಷ್ಟು ಅಗಲವಾಗಿ ತೆರೆದರು ಎಂದಷ್ಟೇ ಹೇಳುವುದು ನ್ಯಾಯ. ಕಣ್ಣುಳ್ಳ ಬಡ ಮಕ್ಕಳಿಗೂ ಆ ಬಾಗಿಲು ಮುಚ್ಚಿರಲಿಲ್ಲವೆಂಬುದಕ್ಕೆ ಬಸವರಾಜ ರಾಜಗುರು, ಅರ್ಜುನಸಾ ನಾಕೋಡರೇ ನಿದರ್ಶನ.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನ ಹಿಂದಿದ್ದ ಬೆಟ್ಟವೇ ಸರಿದಂತಾಯಿತು. ತಂಡದಲ್ಲಿ ಬಾಯಿಗಳು ಹೆಚ್ಚುತ್ತಿದ್ದವು, ಆದಾಯ ಅನಿಶ್ಚಿತ. ಆದರೂ ಯಾರನ್ನೂ ಹೊರಗೆ ಕಳುಹಿಸದೆ ಗವಾಯಿಗಳು ಸಂಚಾರವನ್ನು ಮುಂದುವರಿಸಿದರು. ಕಡೆಗೆ ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಪಾಠಶಾಲೆಗೆ ಒಂದು ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ದಾನಿಗಳ ಸಾಲಿನಲ್ಲಿ ವೀರಪ್ಪನವರ ಹೆಸರು ಇಂದಿಗೂ ಮೊದಲು ಬರುವುದು ಅವರಿತ್ತ ಹಣದ ಮೊತ್ತದಿಂದಲ್ಲ, ಅದು ಒದಗಿದ ಸಮಯದಿಂದ.

ನೆಲೆ ದೊರೆತ ಮೇಲೆ ಗವಾಯಿಗಳು ಬಹುಕಾಲ ಬಾಳಲಿಲ್ಲ. 1944ನೆಯ ಜೂನ್ 11ರಂದು, ಐವತ್ತೆರಡರ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಆಶ್ರಮದ ಭಾರವು ಮೂವತ್ತು ವರ್ಷದ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರೂ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಮಕ್ಕಳ ಅನ್ನಕ್ಕಾಗಿ ಅವರು ಗುರುವಿನ ಹೆಸರಿನಲ್ಲಿ ನಾಟಕ ಸಂಘವನ್ನು ನಡೆಸಿದರು. ಅದರಿಂದ ಆಶ್ರಮಕ್ಕೆ ಆದಾಯವೂ ಆಯಿತು, ಕಲಿತವರಿಗೆ ದುಡಿಮೆಯೂ ಆಯಿತು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ಆ ಭಾಗದ ಗಾಯಕ ವಾದಕರಿಗೆ ಮತ್ತೊಂದು ದಾರಿ ತೆರೆಯಿತು. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳೂ ಬಂದವು. ಪುಟ್ಟರಾಜರು ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಸೆಪ್ಟೆಂಬರ್ 17ರಂದು ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಗುರುವು ಬಿಟ್ಟುಹೋದ ಪಂಕ್ತಿಭೋಜನವನ್ನು ಅವರು ಅರುವತ್ತಾರು ವರ್ಷ ನಡೆಸಿದರು. ಆಶ್ರಮದಲ್ಲಿ ಇಂದಿಗೂ ಮಕ್ಕಳು ಉಣ್ಣುತ್ತಿದ್ದಾರೆ, ಸ್ವರ ಹಚ್ಚುತ್ತಿದ್ದಾರೆ.