ಕಾರಿನ ಎಂಜಿನ್‌ನಲ್ಲಿ ಹಾರಿದ ಬರ್ನಾರ್ಡ್ ಪೀಟನ್‌ಪೋಲ್

ಮಿನಿ ಪ್ರಾಜೆಕ್ಟ್ ಶುರುವಾದಾಗ ನಾವೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: ಬಜೆಟ್ ಎಷ್ಟು? ದುಡ್ಡಿಲ್ಲ ಅಂದ್ರೆ ಐಡಿಯಾನೇ ಕೈಬಿಡ್ತೀವಿ. ಆದರೆ ಅಮೆರಿಕದ ಮಿನೆಸೋಟ ರಾಜ್ಯದ ಚೆರ್ರಿ ಗ್ರೋವ್ ಎಂಬ ಪುಟ್ಟ ಹಳ್ಳಿಯಲ್ಲಿದ್ದ ಬರ್ನಾರ್ಡ್ ಪೀಟನ್‌ಪೋಲ್ ಹಾಗೆ ಮಾಡಲಿಲ್ಲ.

1901ರಲ್ಲಿ ಹುಟ್ಟಿದ ಈತನ ಬಳಿ ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಕಲಿತದ್ದೆಲ್ಲ ಸ್ಪ್ಯಾನರ್ ಹಿಡಿದೇ. ಸ್ವಂತ ವಿಮಾನ ಕಟ್ಟಬೇಕೆಂಬ ಹುಚ್ಚು ಹಿಡಿದಾಗ ಎದುರಾದದ್ದು ಎಂಜಿನ್ ಸಮಸ್ಯೆ. ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಇವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎಂಜಿನ್ ಎಲ್ಲಿಂದ ತರೋದು? ಮೊದಲ ಮಹಾಯುದ್ಧದಲ್ಲಿ ಉಳಿದ ಕರ್ಟಿಸ್ ಓಎಕ್ಸ್-5 ಎಂಜಿನ್‌ಗಳು ಮಾರುಕಟ್ಟೆಯಲ್ಲಿದ್ದವು. 90 ಅಶ್ವಶಕ್ತಿ ಏನೋ ಸರಿ, ಆದರೆ ತೂಕ ಸುಮಾರು 180 ಕೆಜಿ. ಚಿಕ್ಕ ವಿಮಾನಕ್ಕೆ ಅದು ಕೋಳಿಮರಿಗೆ ಕುಂಬಳಕಾಯಿ ಕಟ್ಟಿದ ಹಾಗೆ. ಹೊಸ ವಿಮಾನ ಎಂಜಿನ್‌ಗಳೋ, ಹಳ್ಳಿಯವರ ಕೈಗೆಟುಕುವಂಥವಲ್ಲ.

ಪೀಟನ್‌ಪೋಲ್ ಕಣ್ಣು ಬಿದ್ದದ್ದು ರಸ್ತೆಯ ಮೇಲೆ. ಫೋರ್ಡ್ ಮಾಡೆಲ್ ಟಿ ಎಂಜಿನ್‌ನಲ್ಲಿ ಮೊದಲು ಪ್ರಯತ್ನಿಸಿದ. ಅದರ 20 ಅಶ್ವಶಕ್ತಿ ಸಾಲದಾಯಿತು. ಆಮೇಲೆ ಬಂತು ಮಾಡೆಲ್ ಎ. ನಾಲ್ಕು ಸಿಲಿಂಡರ್, ಸುಮಾರು 3.3 ಲೀಟರ್, ತೂಕ ಹತ್ತಿರಹತ್ತಿರ 110 ಕೆಜಿ. ಅದರ 40 ಅಶ್ವಶಕ್ತಿ ಸಿಗೋದು 2200 ಆರ್‌ಪಿಎಂನಲ್ಲಿ. ಗುಟ್ಟು ಇರೋದು ಇಲ್ಲೇ. ಪ್ರೊಪೆಲ್ಲರ್ ತೀರಾ ಜೋರಾಗಿ ತಿರುಗಿದರೆ ಅದರ ತುದಿಗಳು ಶಬ್ದದ ವೇಗಕ್ಕೆ ಹತ್ತಿರವಾಗಿ ದಕ್ಷತೆ ಕುಸಿಯುತ್ತೆ. ಇವತ್ತಿನ ಕಾರ್ ಎಂಜಿನ್‌ಗಳು 5000–6000 ಆರ್‌ಪಿಎಂನಲ್ಲಿ ಪೂರ್ತಿ ಶಕ್ತಿ ಕೊಡೋದರಿಂದ ಮಧ್ಯೆ ವೇಗ ತಗ್ಗಿಸುವ ಗೇರ್ ಅಥವಾ ಬೆಲ್ಟ್ ಬೇಕು. ನಿಧಾನದ ಮಾಡೆಲ್ ಎ ಎಂಜಿನ್‌ಗೆ ಅದ್ಯಾವುದೂ ಬೇಡ, ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟ್‌ಗೇ! ನೀರು ತಣಿಸುವ ರೇಡಿಯೇಟರ್ ಮಾತ್ರ ಪೈಲಟ್ ಕಣ್ಣೆದುರೇ ಚಿಮಣಿ ಥರ ನಿಂತಿತು.

ಅಪಾಯ ಇರಲಿಲ್ಲವೇ? ಇತ್ತು. ಕಾರಿನ ಎಂಜಿನ್ ರಸ್ತೆಯಲ್ಲಿ ಹೆಚ್ಚು ಹೊತ್ತು ಅರ್ಧ ಶಕ್ತಿಯಲ್ಲೇ ಓಡುತ್ತೆ. ವಿಮಾನದಲ್ಲಿ ಗಂಟೆಗಟ್ಟಲೆ ದುಡಿಯಬೇಕು. ಕೆಟ್ಟರೆ ಪಕ್ಕಕ್ಕೆ ನಿಲ್ಲಿಸೋಕೆ ಆಕಾಶದಲ್ಲಿ ಜಾಗ ಇಲ್ಲ. ಆದರೆ ಎರಡು ಸೀಟಿನ ಆತನ ಏರ್ ಕ್ಯಾಂಪರ್ ಹಗುರ, ರೆಕ್ಕೆ ದೊಡ್ಡದು, ಇಳಿಯುವ ವೇಗ ಕಡಿಮೆ. ಎಂಜಿನ್ ಕೈಕೊಟ್ಟರೂ ಯಾವುದಾದರೂ ಹುಲ್ಲುಗಾವಲಿನಲ್ಲಿ ಇಳಿಸುವ ಆಸೆ ಇಟ್ಟುಕೊಳ್ಳಬಹುದಿತ್ತು. ಎಂಜಿನ್ ಆಯ್ಕೆ ಅಂದ್ರೆ ಬರೀ ಎಂಜಿನ್ ಆಯ್ಕೆಯಲ್ಲ, ಇಡೀ ವಿಮಾನದ ಆಯ್ಕೆ.

ಆ ಹೊತ್ತಿಗೆ ಮಾಡರ್ನ್ ಮೆಕ್ಯಾನಿಕ್ಸ್ ಪತ್ರಿಕೆಯ ಸಂಪಾದಕ ವೆಸ್ಟನ್ ಫಾರ್ಮರ್, ಕಾರಿನ ಎಂಜಿನ್‌ನಿಂದ ವಿಮಾನ ಹಾರಿಸುವುದು ಆಗದ ಮಾತು ಎಂಬ ನಿಲುವಿನಲ್ಲಿದ್ದರು. ಪೀಟನ್‌ಪೋಲ್ ವಾದಕ್ಕೆ ಕೂರಲಿಲ್ಲ. 1930ರಲ್ಲಿ ಮಾಡೆಲ್ ಎ ಎಂಜಿನ್ ಕೂರಿಸಿದ ಎರಡು ವಿಮಾನಗಳು ಚೆರ್ರಿ ಗ್ರೋವ್‌ನಿಂದ ಮಿನಿಯಾಪೊಲಿಸ್ ಕಡೆಗೆ ಹಾರಿ, ಸಂಪಾದಕರ ಕಣ್ಣೆದುರೇ ಇಳಿದವು. ಫಾರ್ಮರ್ ದೊಡ್ಡ ಮನಸ್ಸು ಮಾಡಿ ಅಭಿಪ್ರಾಯ ಬದಲಿಸಿಕೊಂಡರು. ಆ ವಿಮಾನದ ನಕ್ಷೆಗಳನ್ನು ತಾವೇ ಪ್ರಕಟಿಸಿದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ವಿಮಾನ ಕೊಳ್ಳಲಾಗದವರಿಗೆ ಕಟ್ಟಿಕೊಳ್ಳುವ ದಾರಿ ಸಿಕ್ಕಿತು. ಮಾಡೆಲ್ ಟಿ ಎಂಜಿನ್ ಮಾತ್ರ ಇದ್ದವರಿಗಾಗಿ ಒಂದೇ ಸೀಟಿನ ಸ್ಕೈ ಸ್ಕೌಟ್ ಕೂಡ ಬಂತು.

ಹಾಗಂತ ಆತ ಮಾಡೆಲ್ ಎ ಎಂಜಿನ್ನನ್ನೇ ಹಿಡಿದು ಕೂರಲಿಲ್ಲ. 1960ರ ದಶಕದಲ್ಲಿ ಶೆವ್ರೊಲೆ ಕೊರ್ವೇರ್ ಕಾರಿನ ಗಾಳಿಯಿಂದ ತಣಿಯುವ ಆರು ಸಿಲಿಂಡರ್ ಎಂಜಿನ್ ಕೂರಿಸಿ ಹಾರಿದ. ರೇಡಿಯೇಟರ್ ಮಾಯವಾಯಿತು, ಶಕ್ತಿ ಹೆಚ್ಚಿತು.

1984ರಲ್ಲಿ ಪೀಟನ್‌ಪೋಲ್ ತೀರಿಕೊಂಡರು. ಅವರ ನಕ್ಷೆ ನೋಡಿ ಇಂದಿಗೂ ಜನ ಏರ್ ಕ್ಯಾಂಪರ್ ಕಟ್ಟುತ್ತಿದ್ದಾರೆ. ನಮಗೆ ಅವರಿಂದ ಸಿಗುವ ಪಾಠ ಜುಗಾಡ್ ಮಾಡಿ ಅಂತಲ್ಲ. ಕೈಗೆ ಸಿಕ್ಕ ವಸ್ತುವಿನ ಬಲ ಎಷ್ಟು, ಮಿತಿ ಎಲ್ಲಿ ಅಂತ ಸರಿಯಾಗಿ ಅಳೆಯಿರಿ, ಆ ಮಿತಿಗೆ ತಕ್ಕಂತೆ ಉಳಿದದ್ದನ್ನು ಡಿಸೈನ್ ಮಾಡಿ ಅಂತ. ಬಜೆಟ್ ಪ್ರಶ್ನೆಯನ್ನು ಆಮೇಲೆ ಕೇಳೋಣ.