ಇಂದಿನ ಧಮ್ಮ ಚಿಂತನೆ: ಮಾತೆ ರಮಾಬಾಯಿಯವರ ಬಂಗಾರದ ಬಳೆಗಳು





ಕಷ್ಟಕ್ಕೆ ಸಿಕ್ಕ ಸ್ನೇಹಿತರು ಬಾಯಿಬಿಟ್ಟು ಕೇಳುವುದು ಕಡಿಮೆ. ಅಂಥವರನ್ನು ಕಂಡಾಗಲೆಲ್ಲ ನನಗೆ ತಾಯಿ ರಮಾಬಾಯಿ ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1898ರಲ್ಲಿ, ಕೊಂಕಣದ ದಾಪೋಲಿ ಬಳಿಯ ವಣಂದ ಗ್ರಾಮದಲ್ಲಿ. ತಂದೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದರು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಮುಂಬೈಯ ಬಂಧುಗಳ ಮನೆಯಲ್ಲಿ ಬೆಳೆದರು. 1906ರಲ್ಲಿ ಬೈಕುಲಾದ ಮಾರುಕಟ್ಟೆಯಲ್ಲೇ ಭೀಮರಾಯರೊಂದಿಗೆ ಮದುವೆ. ಬಾಬಾಸಾಹೇಬರು ವಿದೇಶದಲ್ಲಿ ಓದುವಾಗ ಬಡತನದಲ್ಲೇ ಸಂಸಾರ ತೂಗಿಸಿದರು. ಐದು ಮಕ್ಕಳಲ್ಲಿ ಉಳಿದವರು ಯಶವಂತ ಒಬ್ಬರೇ.

ಧಾರವಾಡದಲ್ಲಿ ಬಾಬಾಸಾಹೇಬರು ನಮ್ಮ ಮಕ್ಕಳಿಗಾಗಿ ತೆರೆದ ವಸತಿ ನಿಲಯವನ್ನು ನೋಡಿಕೊಳ್ಳುತ್ತಿದ್ದವರು ಬಲವಂತರಾವ್ ವರಾಳೆ, ಆ ಮನೆತನದ ಆಪ್ತರು. ರಮಾಬಾಯಿ ಕೆಲವು ದಿನ ಅವರಲ್ಲಿ ಉಳಿದಿದ್ದರು. ಹಿರಿಯರು ಹೇಳಿಕೊಂಡು ಬಂದಿರುವಂತೆ, ದಿನವೂ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಎರಡು ದಿನ ಹೊರಗೆ ಕಾಣಲಿಲ್ಲ. ರಮಾಬಾಯಿ ವಿಚಾರಿಸಿದರು. ಧಾನ್ಯಕ್ಕೆ ಬರಬೇಕಾದ ಅನುದಾನ ಬಂದಿರಲಿಲ್ಲ, ಮಕ್ಕಳು ಹಸಿದಿದ್ದರು. ಅವರು ಒಳಗೆ ಹೋಗಿ ತಮ್ಮ ಬಂಗಾರದ ಬಳೆಗಳನ್ನು ತಂದು ವರಾಳೆಯವರ ಕೈಗಿತ್ತರು. ಕಾಳುಕಡಿ ಬಂತು. ತಾವೇ ಒಲೆ ಮುಂದೆ ಕೂತು ಬೇಯಿಸಿ ಬಡಿಸಿದರು.

ನನ್ನ ತಂದೆ ತೀರಿಕೊಂಡ ತಿಂಗಳು ಅವರ ಗೆಳೆಯರೊಬ್ಬರು ಏನೂ ಕೇಳದೆ ಅಕ್ಕಿ ಮೂಟೆ ಇಳಿಸಿ, ನಮ್ಮವ್ವನ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗಿದ್ದರು. ಅಂದು ಅವ್ವ ಯಾರೆದುರೂ ತಲೆ ತಗ್ಗಿಸಬೇಕಾಗಲಿಲ್ಲ. ಅದಕ್ಕೇ ರಮಾಬಾಯಿಯವರ ಕೊಡುಗೆಯ ಬೆಲೆ ನನಗೆ ಬಂಗಾರದ ತೂಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಕ್ಕಳ ಸದ್ದು ನಿಂತದ್ದನ್ನು ಅವರು ಗಮನಿಸಿದರು, ಸ್ನೇಹಿತ ಕೈಚಾಚುವ ಮೊದಲೇ ಕೊಟ್ಟರು, ಕೊಟ್ಟ ಮೇಲೆ ಜೊತೆಗೆ ನಿಂತು ದುಡಿದರು.

ಸಿಗಾಲೋವಾದ ಸುತ್ತದಲ್ಲಿ ತಥಾಗತರು ನಿಜ ಗೆಳೆಯನ ಗುಣ ಹೇಳುತ್ತಾರೆ: ಅಗತ್ಯ ಬಿದ್ದಾಗ ಬೇಕಾದುದರ ಇಮ್ಮಡಿ ಕೊಡುವವನು, ಆಪತ್ತಿನಲ್ಲಿ ಕೈಬಿಡದವನು. ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. 1956ರ ನಾಗಪುರದ ದೀಕ್ಷೆಯನ್ನು ಅವರು ಕಾಣಲಿಲ್ಲ. ಆದರೂ ದಾನ, ಮೈತ್ರಿ, ಕರುಣೆಗಳನ್ನು ಬದುಕಿ ತೋರಿಸಿದರು. ದೀಕ್ಷೆ ಪಡೆದ ನಮ್ಮ ಹೊಣೆ ಇನ್ನೂ ಹೆಚ್ಚು.

ಇಂದಿನ ಅಭ್ಯಾಸ: ಭಾನುವಾರದ ವಂದನೆಗೆ ಬರುವುದನ್ನು ನಿಲ್ಲಿಸಿದ, ಫೋನ್ ಮಾಡುವುದನ್ನು ಬಿಟ್ಟ ಒಂದು ಮನೆಯನ್ನು ನೆನೆಯೋಣ. ಸಂಜೆ ಅಲ್ಲಿಗೆ ಹೋಗೋಣ, ಬರಿಗೈಯಲ್ಲಿ ಬೇಡ. ಉಪದೇಶ ಬೇಡ, ಫೋಟೊ ಬೇಡ.

ಭವತು ಸಬ್ಬ ಮಂಗಲಂ 🌷