ಡಾ. ಫ್ರಾನ್ಸಿಸ್ ಬುಕಾನನ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಇನ್ನೂರು ವರ್ಷಗಳ ಹಿಂದಿನ ಬದುಕನ್ನು ಅರಿಯಬಯಸುವವರು ತಪ್ಪದೆ ಆಶ್ರಯಿಸುವ ಗ್ರಂಥವೊಂದುಂಟು. ಅದನ್ನು ರಚಿಸಿದವರು ವೃತ್ತಿಯಿಂದ ವೈದ್ಯರು. ಸರಕಾರ ಅವರಿಗೆ ಒಪ್ಪಿಸಿದ್ದು ಕೃಷಿ, ಗಣಿ, ಖನಿಜಗಳ ಪರಿಶೀಲನೆ. ಅಂತರಂಗದ ಒಲವು ಮಾತ್ರ ಗಿಡಮರಗಳಲ್ಲಿ, ಸಿಹಿನೀರಿನ ಸಣ್ಣಪುಟ್ಟ ಜೀವಿಗಳಲ್ಲಿ. ಅವರೇ ಡಾ. ಫ್ರಾನ್ಸಿಸ್ ಬುಕಾನನ್.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಅವರು ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಅಭ್ಯಸಿಸಿ, ಕೆಲಕಾಲ ಹಡಗಿನ ವೈದ್ಯರಾಗಿದ್ದು, 1794ರಲ್ಲಿ ಬಂಗಾಳದ ಕಂಪನಿ ಸೇವೆಗೆ ಸೇರಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದರು.

ಅವರಿಗೆ ಕನ್ನಡ ಬಾರದು, ದುಭಾಷಿಯೇ ಗತಿ. ಆದರೂ ಅವರು ಕೇಳದೆ ಬಿಟ್ಟ ಪ್ರಶ್ನೆ ವಿರಳ. ಮಳೆನೀರು ಹರಿದ ಹಳ್ಳಗಳಿಂದ ಕಬ್ಬಿಣದ ಕರಿಮರಳನ್ನು ಆಯ್ದು ಕಾಯಿಸುವವರ ಬಳಿ ನಿಂತು ಇದ್ದಿಲು, ತಿದಿ, ಆಳುಗಳ ಸಂಖ್ಯೆ, ಕೂಲಿ, ಪಾಲು ಎಲ್ಲವನ್ನೂ ಬರೆದುಕೊಂಡರು. 1801ರಲ್ಲಿ ಘಟ್ಟ ಹತ್ತಿ ಇಕ್ಕೇರಿ, ನಗರ, ಕವಲೇದುರ್ಗಗಳ ಮಾರ್ಗವಾಗಿ ಶಿವಮೊಗ್ಗದತ್ತ ಸಾಗುವಾಗ ಅಡಿಕೆ ತೋಟ, ಮೆಣಸಿನ ಬಳ್ಳಿ, ಕಂದಾಯಗಳ ವಿವರದೊಡನೆ ಕೆಳದಿ ಅರಸರ ವೃತ್ತಾಂತವನ್ನೂ ಸಂಗ್ರಹಿಸಿದರು. ಇವೆಲ್ಲ 1807ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳಾಗಿ ಹೊರಬಂದವು. ನಮ್ಮ ಜನರ ನಡೆನುಡಿಗಳ ವಿಷಯದಲ್ಲಿ ಅವರಿತ್ತ ತೀರ್ಪುಗಳನ್ನೆಲ್ಲ ಒಪ್ಪಬೇಕಾಗಿಲ್ಲ. ಕೈವಶವಾದ ನಾಡಿನ ಹುಟ್ಟುವಳಿಯನ್ನು ಅಳೆಯಲು ಬಂದ ಅಧಿಕಾರಿ ಅವರು, ಅದನ್ನು ಮರೆಯಲಾಗದು. ಆದರೆ ಒಕ್ಕಲಿಗನ ಮಾತನ್ನೂ ಕಮ್ಮಾರನ ಲೆಕ್ಕವನ್ನೂ ಕಾಗದಕ್ಕೆ ಇಳಿಸಿದವರು ಆ ಕಾಲದಲ್ಲಿ ಮತ್ತೆಷ್ಟು ಮಂದಿ?

ಮುಂದೆ ನೇಪಾಳದ ಪ್ರವಾಸ, 1807ರಿಂದ 1814ರವರೆಗೆ ಬಂಗಾಳ ಪ್ರಾಂತದ ಸರ್ವೇಕ್ಷಣೆ. ಅಲ್ಲಿಯೂ ಬಿಡುವಿನ ಹೊತ್ತೆಲ್ಲ ಹೊಳೆ ಕೆರೆಗಳ ಮೀನುಗಳಿಗೆ ಮೀಸಲು. ಸ್ಥಳೀಯ ಚಿತ್ರಕಾರರಿಂದ ಅವುಗಳ ಚಿತ್ರಗಳನ್ನು ಬರೆಸಿದರು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಆ ಚಿತ್ರಗಳನ್ನು ಒಯ್ಯಲು ಸರಕಾರ ಬಿಡಲಿಲ್ಲ. ವರ್ಷಗಳ ದುಡಿಮೆಯ ಫಲ ಕಲ್ಕತ್ತೆಯಲ್ಲೇ ಉಳಿಯಿತು. ಈ ನೋವಿನಲ್ಲಿಯೂ ಕೈಚೆಲ್ಲದೆ, ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ್ದ ಅವರು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು 39 ಚಿತ್ರಫಲಕಗಳೊಡನೆ ಪ್ರಕಟಿಸಿ, 260ಕ್ಕೂ ಹೆಚ್ಚು ಜಾತಿಗಳನ್ನು ವರ್ಣಿಸಿದರು.

ಅದರ ವೈಶಿಷ್ಟ್ಯವೆಂದರೆ ನಾಮಕರಣ. ಲ್ಯಾಟಿನ್ ಪದಗಳನ್ನೇ ಹುಡುಕದೆ, ಆ ಸೀಮೆಯ ಜನ ಕರೆಯುತ್ತಿದ್ದ ಹೆಸರುಗಳನ್ನೇ ಶಾಸ್ತ್ರಕ್ಕೆ ತಂದರು. ಇಂದು ನಮ್ಮ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ, ಮೃಗಾಲ್ ಮೀನುಗಳು ಶಾಸ್ತ್ರಲೋಕವನ್ನು ಪ್ರವೇಶಿಸಿದ್ದು ಹೀಗೆ. ಬೆರಳುದ್ದವೂ ಇಲ್ಲದ ಪಟ್ಟೆಮೀನೊಂದನ್ನೂ ಅವರು ಅಲಕ್ಷಿಸಲಿಲ್ಲ. ಜೀಬ್ರಾ ಮೀನೆಂದು ಹೆಸರಾದ ಅದರ ಪಾರದರ್ಶಕ ಭ್ರೂಣವನ್ನು ಜಗತ್ತಿನ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ಇಂದು ಜೀವದ ಬೆಳವಣಿಗೆಯನ್ನು ಅಭ್ಯಸಿಸುತ್ತಾರೆ.

ಬುಕಾನನ್ನರು 1829ರ ಜೂನ್ 15ರಂದು ನಿಧನರಾದರು. ಹತ್ತು ವರ್ಷಗಳ ತರುವಾಯ ಜಾನ್ ಮ್ಯಾಕ್‌ಕ್ಲೆಲೆಂಡ್ ಎಂಬ ವೈದ್ಯರು ಭಾರತದ ಮೀನುಗಳನ್ನು ಕುರಿತು ಬರೆದಾಗ, ಕಲ್ಕತ್ತೆಯಲ್ಲಿ ಉಳಿದಿದ್ದ ಆ ಚಿತ್ರಗಳು ಕಡೆಗೂ ಉಪಯೋಗಕ್ಕೆ ಬಂದವು.